‘ಪಾಠ’ವು ‘ಪಾರ’ವಾಗುವ ಬಗೆ: ಪತ್ತೆಯಾಗದ ದೃಷ್ಟಿದೋಷ ಮತ್ತು ಮಗುವಿನ ಕಲಿಕೆ

ನಾಲ್ಕನೇ ತರಗತಿಯ ಮಗುವೊಂದರ ಕನ್ನಡ ನೋಟ್‌ಬುಕ್ಕಿನಲ್ಲಿ ‘ಪಾಠ’ ಇರಬೇಕಾದ ಕಡೆ ‘ಪಾರ’ ಎಂದೂ ‘ಕಥೆ’ ಇರಬೇಕಾದ ಕಡೆ ‘ಕದೆ’ ಎಂದೂ ಬರೆದಿದೆ ಎಂದುಕೊಳ್ಳೋಣ. ತಿದ್ದುವವರು ಕೆಂಪು ಶಾಯಿಯಿಂದ ಸುತ್ತು ಹಾಕಿ, ‘ಅಲ್ಪಪ್ರಾಣ, ಮಹಾಪ್ರಾಣ ಗೊತ್ತಿಲ್ಲ’ ಎಂದು ಹೇಳಿ, ಹತ್ತು ಸಲ ಬರೆದುಕೊಂಡು ಬರಲು ಕಳಿಸುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ, ಏಕೆಂದರೆ ಮನೆಮಾತಿನಲ್ಲಿ ಮಹಾಪ್ರಾಣವಿಲ್ಲದ ಸಾವಿರಾರು ಮಕ್ಕಳು ನಮ್ಮ ಶಾಲೆಗಳಲ್ಲಿದ್ದಾರೆ. ಆದರೆ ಒಂದು ಕ್ಷಣ ನಿಂತು ನೋಡಿದರೆ ಈ ತಪ್ಪುಗಳು ಕಿವಿಯಿಂದ ಬಂದವುಗಳಲ್ಲ ಎಂದು ತಿಳಿಯುತ್ತದೆ. ಕೇಳಿದಂತೆ ಬರೆಯುವ ಮಗು ‘ಪಾಠ’ವನ್ನು ‘ಪಾಟ’ ಎಂದು ಬರೆಯುತ್ತದೆ, ‘ಕಥೆ’ಯನ್ನು ‘ಕತೆ’ ಎಂದು ಬರೆಯುತ್ತದೆ. ಅಲ್ಲಿ ‘ರ’ ಮತ್ತು ‘ದ’ ಬರಲು ಕಾರಣವೇ ಇಲ್ಲ. ‘ಠ’ ಅಕ್ಷರದ ನಡುವಿನ ಚುಕ್ಕೆಯನ್ನು ಅಳಿಸಿದರೆ ಉಳಿಯುವುದು ‘ರ’. ‘ಥ’ ಅಕ್ಷರದ ಚುಕ್ಕೆಯನ್ನೂ ಮಕ್ಕಳು ‘ಹೊಟ್ಟೆ ಸೀಳುವುದು’ ಎಂದು ಕರೆಯುವ ಕೆಳಗಿನ ಸೀಳನ್ನೂ ಅಳಿಸಿದರೆ ಉಳಿಯುವುದು ‘ದ’. ಮಗು ತಪ್ಪಾಗಿ ಬರೆದಿಲ್ಲ. ಕಪ್ಪುಹಲಗೆಯ ಮೇಲೆ ತನಗೆ ಕಂಡದ್ದನ್ನು ಕಂಡ ಹಾಗೆಯೇ ಬರೆದಿದೆ.

ಕಣ್ಣಿನ ದೋಷ ಕಲಿಕೆಯ ಒಳಗೆ ಹೀಗೆ, ಬೇರೊಂದು ದೋಷದ ವೇಷದಲ್ಲಿ, ಪ್ರವೇಶಿಸುತ್ತದೆ. ಅದು ಎಷ್ಟು ಸಣ್ಣ ಅಳತೆಗಳಲ್ಲಿ ನಡೆಯುವ ಸಂಗತಿ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಕಣ್ಣಿನ ಆಸ್ಪತ್ರೆಗಳಲ್ಲಿ ಗೋಡೆಗೆ ತೂಗುಹಾಕುವ ಅಕ್ಷರಪಟವನ್ನು ನೆದರ್ಲ್ಯಾಂಡ್ಸ್‌ನ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದರು. ಸರಿಯಾದ ದೃಷ್ಟಿಗೆ ನಾವು ಇಂದಿಗೂ 6/6 ಎನ್ನುವುದು ಆ ಪದ್ಧತಿಯ ಪ್ರಕಾರ. ಮೇಲಿನ ಅಂಕಿ ಪರೀಕ್ಷೆಗೆ ನಿಂತವರು ಪಟದಿಂದ ಎಷ್ಟು ಮೀಟರ್ ದೂರದಲ್ಲಿದ್ದಾರೆ ಎಂಬುದನ್ನೂ, ಕೆಳಗಿನದು ಅದೇ ಸಾಲನ್ನು ಆರೋಗ್ಯವಂತ ಕಣ್ಣು ಎಷ್ಟು ದೂರದಿಂದ ಓದಬಲ್ಲದು ಎಂಬುದನ್ನೂ ಹೇಳುತ್ತದೆ. 6/24 ಎಂದರೆ ಬೇರೆಯವರು 24 ಮೀಟರ್ ದೂರದಿಂದ ಓದುವುದನ್ನು ಈ ಮಗು 6 ಮೀಟರ್‌ಗೆ ಬಂದು ಓದಬೇಕು. ಆರು ಮೀಟರ್ ದೂರದಲ್ಲಿರುವಾಗ 6/6 ದೃಷ್ಟಿಯ ಕಣ್ಣು ಎರಡು ಮಿಲಿಮೀಟರ್‌ಗಿಂತ ಕಡಿಮೆ ಅಂತರದ ಗೆರೆಗಳನ್ನೂ ಬಿಡಿಸಿ ನೋಡುತ್ತದೆ. 6/24 ದೃಷ್ಟಿಯ ಕಣ್ಣಿಗೆ ಆ ಅಂತರ ಸುಮಾರು ಏಳು ಮಿಲಿಮೀಟರ್ ಆದರೂ ಇರಬೇಕು. ಸೀಮೆಸುಣ್ಣದಲ್ಲಿ ಬರೆದ ಸಾಧಾರಣ ಗಾತ್ರದ ‘ಠ’ದ ಚುಕ್ಕೆ, ‘ಧ’ದ ಸೀಳು, ಒತ್ತಕ್ಷರದ ತಿರುವು, ದಶಮಾಂಶದ ಬಿಂದು ಇವೆಲ್ಲ ಏಳು ಮಿಲಿಮೀಟರ್‌ಗಿಂತ ಸಣ್ಣವೇ. ಅಕ್ಷರದ ಒಡಲು ಕಾಣುತ್ತದೆ, ಗುರುತು ಕಾಣುವುದಿಲ್ಲ. ಹಲಗೆಯೇ ಕಾಣದಿದ್ದರೆ ಮಗು ಹೇಳುತ್ತಿತ್ತೋ ಏನೋ. ಹಲಗೆ ಕಾಣುತ್ತದೆ, ಬರಹವೂ ಕಾಣುತ್ತದೆ, ಆದ್ದರಿಂದ ತನಗೆ ಕಾಣಿಸುತ್ತಿದೆ ಎಂದೇ ಅದು ನಂಬಿರುತ್ತದೆ.

ಮಕ್ಕಳು ಏಕೆ ಹೇಳುವುದಿಲ್ಲ ಎಂಬ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ನಲವತ್ತು ದಾಟಿದವರಿಗೆ ಪತ್ರಿಕೆಯ ಅಕ್ಷರ ಮಸುಕಾದರೆ ತಕ್ಷಣ ಗೊತ್ತಾಗುತ್ತದೆ, ಏಕೆಂದರೆ ನಿನ್ನೆಯವರೆಗೆ ಹೇಗೆ ಕಾಣುತ್ತಿತ್ತು ಎಂಬ ನೆನಪು ಅವರಿಗಿದೆ. ಮಗುವಿಗೆ ಅಂಥ ನೆನಪಿಲ್ಲ. ಜಗತ್ತು ಹೀಗೆಯೇ ಇರುತ್ತದೆ, ಎಲ್ಲರಿಗೂ ಹೀಗೆಯೇ ಕಾಣುತ್ತದೆ ಎಂದು ಅದು ತಿಳಿದಿರುತ್ತದೆ. ನಮ್ಮ ಬೀದಿಯ ಹುಡುಗಿಯೊಬ್ಬಳು ಐದನೇ ತರಗತಿಯಲ್ಲಿ ಮೊದಲ ಸಲ ಕನ್ನಡಕ ಹಾಕಿಕೊಂಡು ಶಾಲೆಗೆ ಹೋಗಿ ಬಂದ ಸಂಜೆ ಅವಳ ಅಮ್ಮನಿಗೆ ಹೇಳಿದ್ದು, ‘ಅಮ್ಮಾ, ನಮ್ಮ ಕ್ಲಾಸಿನ ಗಡಿಯಾರಕ್ಕೆ ಮೂರು ಮುಳ್ಳು ಇದೆ’ ಎಂದು. ಓಡುವ ಕೆಂಪು ಮುಳ್ಳನ್ನು ಅವಳು ಅಂದಿನವರೆಗೆ ಕಂಡಿರಲಿಲ್ಲ. ಅದೇ ಕೊಠಡಿಯಲ್ಲಿ ಅವಳು ಒಂದು ವರ್ಷ ಕುಳಿತಿದ್ದಳು, ಮತ್ತು ಆ ವರ್ಷದ ಅಂಕಪಟ್ಟಿಯಲ್ಲಿ ‘ಗಮನ ಸಾಲದು’ ಎಂಬ ಷರಾ ಇತ್ತು.

ಈ ಹುಡುಗಿಗಿದ್ದದ್ದು ಸಮೀಪದೃಷ್ಟಿ. ಹೆಸರು ಸ್ವಲ್ಪ ಗೊಂದಲ ಹುಟ್ಟಿಸುವಂಥದ್ದು, ಏಕೆಂದರೆ ಸಮೀಪದ್ದು ಸರಿಯಾಗಿ ಕಾಣುವುದು, ದೂರದ್ದು ಕಾಣದಿರುವುದು ಈ ದೋಷದ ಲಕ್ಷಣ. ಕಣ್ಣಿನ ಗುಡ್ಡೆ ಇರಬೇಕಾದುದಕ್ಕಿಂತ ಕೊಂಚ ಉದ್ದವಾಗಿ ಬೆಳೆದು, ದೂರದಿಂದ ಬರುವ ಬೆಳಕು, ಕಣ್ಣಿನ ಹಿಂಬದಿಯಲ್ಲಿ ಚಿತ್ರ ಮೂಡುವ ಪರದೆಯಾದ ರೆಟಿನಾದ ಮುಂದೆಯೇ ಕೂಡಿಕೊಂಡುಬಿಡುತ್ತದೆ. ಕನ್ನಡಕದ ನಂಬರನ್ನು ಅಳೆಯುವ ಮಾನ ಡಯಾಪ್ಟರ್; ಮೈನಸ್ ಒಂದು ಡಯಾಪ್ಟರ್ ನಂಬರಿನ ಕಣ್ಣಿಗೆ ಒಂದು ಮೀಟರ್‌ವರೆಗೆ ಮಾತ್ರ ಸ್ಪಷ್ಟ. ಮೈನಸ್ ಎರಡಕ್ಕೆ ಅರ್ಧ ಮೀಟರ್. ಅಂಥ ಮಗುವಿಗೆ ಮೊಣಕೈ ಅಳತೆಯಲ್ಲಿರುವ ಪುಸ್ತಕ ಚೆನ್ನಾಗಿ ಕಾಣುತ್ತದೆ, ಹಲಗೆ ಕಾಣುವುದಿಲ್ಲ. ಆದ್ದರಿಂದ ಅದು ಮನೆಯಲ್ಲಿ ಓದುತ್ತದೆ, ತರಗತಿಯಲ್ಲಿ ಹಿಂದೆ ಬೀಳುತ್ತದೆ. ಹಲಗೆಯ ಬದಲು ಪಕ್ಕದವರ ನೋಟ್‌ಬುಕ್ ನೋಡಿ ಬರೆಯುತ್ತದೆ, ಅದಕ್ಕಾಗಿ ಬೈಸಿಕೊಳ್ಳುತ್ತದೆ. ಮೇಲೆ ಹೇಳಿದ ‘ಪಾರ’, ‘ಕದೆ’ಗಳು ಹಲಗೆ ನೋಡಿ ಬರೆದ ಪುಟಗಳಲ್ಲಿ ಮಾತ್ರ ಇದ್ದು, ಪುಸ್ತಕ ನೋಡಿ ಬರೆದ ನಕಲಿನಲ್ಲಿ ಇಲ್ಲದಿದ್ದರೆ ಮೊದಲು ಪರೀಕ್ಷಿಸಬೇಕಾದದ್ದು ಕಣ್ಣನ್ನು. ಇದು ರೋಗನಿರ್ಣಯವಲ್ಲ, ಅನುಮಾನಕ್ಕೆ ಸಾಕಾಗುವ ಕುರುಹು ಅಷ್ಟೇ. ಆದರೆ ಒಬ್ಬ ಶಿಕ್ಷಕರು ಯಾವ ಉಪಕರಣವೂ ಇಲ್ಲದೆ, ಈಗಾಗಲೇ ಕೈಯಲ್ಲಿರುವ ನೋಟ್‌ಬುಕ್ಕುಗಳಿಂದಲೇ ಪಡೆಯಬಹುದಾದ ಕುರುಹು.

ಸಮೀಪದೃಷ್ಟಿಯನ್ನು ಅಕ್ಷರಪಟ ಸುಲಭವಾಗಿ ಹಿಡಿಯುತ್ತದೆ. ಹಿಡಿಯದೆ ಬಿಟ್ಟುಬಿಡುವುದು ದೂರದೃಷ್ಟಿಯನ್ನು, ಮತ್ತು ನನ್ನ ಅಭಿಪ್ರಾಯದಲ್ಲಿ ಓದಿಗೆ ಹೆಚ್ಚು ಗುಟ್ಟಾಗಿ ಕೇಡು ಮಾಡುವುದು ಇದೇ. ಇಲ್ಲಿ ಕಣ್ಣಿನ ಗುಡ್ಡೆ ಗಿಡ್ಡದಾಗಿದ್ದು ಬೆಳಕು ರೆಟಿನಾದ ಹಿಂದೆ ಕೂಡಿಕೊಳ್ಳಲು ನೋಡುತ್ತದೆ. ಆದರೆ ಮಗುವಿನ ಕಣ್ಣಿನೊಳಗಿನ ಮಸೂರ ಮೆದುವಾಗಿದ್ದು, ಅದನ್ನು ಹಿಡಿದಿರುವ ಸ್ನಾಯು ಬಲವಾಗಿರುವುದರಿಂದ, ಮಸೂರವನ್ನು ಉಬ್ಬಿಸಿ ಆ ಕೊರತೆಯನ್ನು ತುಂಬಿಕೊಳ್ಳಲು ಮಗುವಿಗೆ ಸಾಧ್ಯ. ಅದಕ್ಕೇ ಆರು ಮೀಟರ್ ದೂರದ ಪಟವನ್ನು ಕೊನೆಯ ಸಾಲಿನವರೆಗೂ ಓದಿ, ‘ಕಣ್ಣು ಸರಿಯಾಗಿದೆ’ ಎನ್ನಿಸಿಕೊಂಡು ಬರುತ್ತದೆ. ಈಗ ಅದೇ ಮಗು ಪುಸ್ತಕ ಹಿಡಿಯಲಿ. ಮೂವತ್ತಮೂರು ಸೆಂಟಿಮೀಟರ್ ದೂರದ ಅಕ್ಷರವನ್ನು ನೋಡಲು ಯಾವುದೇ ಕಣ್ಣು ಮೂರು ಡಯಾಪ್ಟರ್‌ನಷ್ಟು ಉಬ್ಬಬೇಕು. ಪ್ಲಸ್ ಮೂರರ ದೂರದೃಷ್ಟಿ ಇರುವ ಮಗು ತನ್ನ ಕೊರತೆಯ ಮೂರನ್ನೂ ಸೇರಿಸಿ ಆರು ಡಯಾಪ್ಟರ್‌ನಷ್ಟು ಉಬ್ಬಿಸಿ ಹಿಡಿದಿರಬೇಕು. ಪಕ್ಕದವರಿಗಿಂತ ಎರಡು ಪಟ್ಟು ದುಡಿಮೆ ಅದು, ಅದೂ ಪುಟದಿಂದ ಪುಟಕ್ಕೆ ಬಿಡುವಿಲ್ಲದೆ. ಹತ್ತು ನಿಮಿಷ ಓದುವಷ್ಟರಲ್ಲಿ ಅಕ್ಷರಗಳು ಕಲಸುತ್ತವೆ, ಹಣೆ ನೋಯುತ್ತದೆ, ಕಣ್ಣು ಉಜ್ಜಿಕೊಳ್ಳುತ್ತದೆ, ನೀರು ಕುಡಿಯಲು ಏಳುತ್ತದೆ, ಕಿಟಕಿಯ ಆಚೆ ನೋಡುತ್ತಾ ಕೂರುತ್ತದೆ. ಕಿಟಕಿಯ ಆಚೆ ನೋಡುವುದರಿಂದ ಕಣ್ಣಿಗೆ ನಿಜವಾಗಿಯೂ ವಿಶ್ರಾಂತಿ ಸಿಗುತ್ತದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಮಗು ಚಂಚಲ, ಒಂದು ಕಡೆ ಕೂರುವುದಿಲ್ಲ ಎಂಬ ಹೆಸರು ಬರುತ್ತದೆ. ಅಮೆರಿಕದಲ್ಲಿ ನಾಲ್ಕು ಮತ್ತು ಐದು ವರ್ಷದ ಮಕ್ಕಳನ್ನು ಅಭ್ಯಸಿಸಿ 2016ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು, ಕನ್ನಡಕವಿಲ್ಲದ ಮಧ್ಯಮ ಪ್ರಮಾಣದ ದೂರದೃಷ್ಟಿಯ ಮಕ್ಕಳು ಅಕ್ಷರಜ್ಞಾನದ ಮೊದಲ ಹಂತದಲ್ಲೇ ಸಹಪಾಠಿಗಳಿಗಿಂತ ಹಿಂದಿರುತ್ತಾರೆ ಎಂದೂ, ಹತ್ತಿರದ ನೋಟ ಮತ್ತು ಎರಡು ಕಣ್ಣುಗಳ ಹೊಂದಾಣಿಕೆ ಕುಂದಿದವರಲ್ಲಿ ಈ ಅಂತರ ಹೆಚ್ಚು ಎಂದೂ ತೋರಿಸಿತು. ಅಂದರೆ ಒಂದನೇ ತರಗತಿಗೆ ಕಾಲಿಡುವ ಮೊದಲೇ ಹಿನ್ನಡೆ ಆರಂಭವಾಗಿರುತ್ತದೆ.

ಮೂರನೆಯದು ಒಂದೇ ಕಣ್ಣಿನ ದೋಷ. ಒಂದು ಕಣ್ಣಿನ ನಂಬರ್ ಹೆಚ್ಚಿದ್ದು ಇನ್ನೊಂದರದು ಸರಿಯಿದ್ದರೆ, ಅಥವಾ ಒಂದು ಕಣ್ಣು ಓರೆಯಾಗಿದ್ದರೆ, ಮಿದುಳು ಎರಡು ಹೊಂದದ ಚಿತ್ರಗಳಲ್ಲಿ ಮಸುಕಾದದ್ದನ್ನು ಕೈಬಿಡುತ್ತದೆ. ಬಳಸದ ಆ ಕಣ್ಣಿನ ನರಮಾರ್ಗ ಬೆಳೆಯುವುದಿಲ್ಲ. ಇದನ್ನೇ ಸೋಮಾರಿ ಕಣ್ಣು ಎನ್ನುತ್ತಾರೆ. ಹೆಸರು ಅನ್ಯಾಯದ್ದು, ಕಣ್ಣು ಸೋಮಾರಿಯಲ್ಲ, ಅದಕ್ಕೆ ಕೆಲಸವೇ ಸಿಕ್ಕಿಲ್ಲ. ಎಳವೆಯ ಕೆಲವು ತಿಂಗಳು, ವರ್ಷಗಳಲ್ಲಿ ನೋಟ ಸಿಗದ ಕಣ್ಣಿಗೆ ಮಿದುಳಿನಲ್ಲಿ ಜಾಗ ಉಳಿಯುವುದಿಲ್ಲ ಎಂಬುದನ್ನು ಬೆಕ್ಕಿನ ಮರಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಅವರಿಗೆ 1981ರ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. ಮನುಷ್ಯರ ಮಕ್ಕಳಲ್ಲಿ ಈ ದೋಷಕ್ಕೆ ಏಳು ವರ್ಷದೊಳಗೆ ಚಿಕಿತ್ಸೆ ಸಿಕ್ಕರೆ ಫಲ ಹೆಚ್ಚು. ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಅಂಟಿಸಿ, ದುರ್ಬಲ ಕಣ್ಣನ್ನು ಕೆಲಸಕ್ಕೆ ಹಚ್ಚುತ್ತಾರೆ. ಏಳು ದಾಟಿದ ಮೇಲೂ ಪ್ರಯತ್ನ ಬಿಡಬೇಕಾಗಿಲ್ಲ. ಏಳರಿಂದ ಹನ್ನೆರಡರ ನಡುವಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಚಿಕಿತ್ಸೆಯಿಂದ ಸುಧಾರಣೆ ಆದದ್ದನ್ನು 2005ರ ಅಧ್ಯಯನ ದಾಖಲಿಸಿದೆ. ತೊಡಕೆಂದರೆ, ಎರಡೂ ಕಣ್ಣು ತೆರೆದಿರುವಾಗ ಈ ಮಗುವಿಗೆ ಎಲ್ಲವೂ ಕಾಣುತ್ತದೆ. ಹಲಗೆಯೂ, ಪುಸ್ತಕವೂ. ಓದುವ ವೇಗ ಮಾತ್ರ ಕುಂದಿರಬಹುದು, ಸೂಜಿಗೆ ದಾರ ಪೋಣಿಸುವಂಥ ಕೆಲಸದಲ್ಲಿ ಕೈ ತಪ್ಪಬಹುದು. ಕೆಲವರಲ್ಲಿ ಇದು ಬಯಲಾಗುವುದು ಪೊಲೀಸ್ ಅಥವಾ ಸೇನೆಯ ನೇಮಕಾತಿಗೆ ಹೋಗಿ, ವೈದ್ಯರು ಒಂದೊಂದೇ ಕಣ್ಣು ಮುಚ್ಚಿಸಿದಾಗ. ಓರೆಗಣ್ಣಾದರೂ ಹೊರಗೆ ಕಾಣುತ್ತದೆ. ಆದರೆ ಮೆಳ್ಳೆಗಣ್ಣು ಅದೃಷ್ಟದ ಗುರುತು ಎಂದು ಹೇಳುತ್ತಾ, ಬೆಳೆದಂತೆ ತಾನಾಗಿ ಸರಿಹೋಗುತ್ತದೆ ಎಂದು ಕಾಯುತ್ತಾ ಚಿಕಿತ್ಸೆಯ ವರ್ಷಗಳನ್ನು ಕಳೆದುಕೊಂಡ ಮನೆಗಳು ನಮ್ಮ ಸುತ್ತ ಬಹಳ ಇವೆ.

ಮನೆಯಲ್ಲಿ ಇದನ್ನು ಅನುಮಾನಿಸಲು ಒಂದು ಸರಳ ದಾರಿಯಿದೆ. ಗೋಡೆಯ ಕ್ಯಾಲೆಂಡರಿನ ತಾರೀಕುಗಳನ್ನೋ, ಬಸ್ ನಿಲ್ದಾಣದಲ್ಲಿ ಬರುವ ಬಸ್ಸಿನ ಊರಿನ ಫಲಕವನ್ನೋ ಮಗು ಒಂದು ಕಣ್ಣು ಮುಚ್ಚಿ ಓದಲಿ, ಆಮೇಲೆ ಇನ್ನೊಂದನ್ನು ಮುಚ್ಚಿ ಓದಲಿ. ಎರಡರ ನಡುವೆ ವ್ಯತ್ಯಾಸವಿದ್ದರೆ, ಅಥವಾ ನಿಮಗೆ ಕಂಡದ್ದು ಮಗುವಿಗೆ ಕಾಣದಿದ್ದರೆ, ಕಣ್ಣಿನ ವೈದ್ಯರ ಬಳಿ ಹೋಗಬೇಕು. ಮಾತು ಬಾರದ ಕೂಸಿನ ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಮಾತ್ರ ಅತ್ತು ಕೈ ತಳ್ಳಿದರೆ ಅದೂ ಒಂದು ಸೂಚನೆಯೇ. ಫೋಟೋದಲ್ಲಿ ಅಥವಾ ಬೆಳಕಿನಲ್ಲಿ ಪಾಪೆಯೊಳಗೆ ಬಿಳಿ ಹೊಳಪು ಕಂಡರೆ ಮಾತ್ರ ಒಂದು ದಿನವೂ ಕಾಯಬಾರದು. ಪೊರೆ ಇರಬಹುದು, ರೆಟಿನಾದ ಕ್ಯಾನ್ಸರ್ ಕೂಡ ಇರಬಹುದು.

ಇಂಥ ಮಕ್ಕಳು ಎಷ್ಟಿದ್ದಾರೆ? 2002ರಲ್ಲಿ ಪ್ರಕಟವಾದ ಎರಡು ಸಮೀಕ್ಷೆಗಳು ಇಂದಿಗೂ ಯೋಚನೆಗೆ ಹಚ್ಚುತ್ತವೆ. ಒಂದು ದೆಹಲಿ ನಗರದ್ದು, ಇನ್ನೊಂದು ನಮ್ಮ ರಾಯಚೂರಿಗೆ ಹೊಂದಿಕೊಂಡಿದ್ದ ಅಂದಿನ ಮೆಹಬೂಬ್‌ನಗರ ಜಿಲ್ಲೆಯ ಹಳ್ಳಿಗಳದು. ಉತ್ತಮವಾದ ಕಣ್ಣಿನಲ್ಲೂ 6/12 ಅಥವಾ ಅದಕ್ಕಿಂತ ಕಡಿಮೆ ಕಾಣುವ ಮಕ್ಕಳು ದೆಹಲಿಯಲ್ಲಿ ಶೇ. 6.4, ಹಳ್ಳಿಗಳಲ್ಲಿ ಶೇ. 2.7. ಹಳ್ಳಿಯ ಮಕ್ಕಳಲ್ಲಿ ದೋಷ ಕಡಿಮೆ ಎಂದು ನೆಮ್ಮದಿಪಡುವ ಮೊದಲು ಮುಂದಿನ ಸಾಲನ್ನೂ ಓದಬೇಕು. ತಮ್ಮ ಬಳಿ ಇದ್ದ ಕನ್ನಡಕ ಹಾಕಿಕೊಂಡು ನೋಡಿದಾಗ ದೆಹಲಿಯ ಸಂಖ್ಯೆ 4.9ಕ್ಕೆ ಇಳಿಯಿತು, ಹಳ್ಳಿಗಳದ್ದು 2.6ಕ್ಕೆ. ಅಂದರೆ ಹಳ್ಳಿಯ ಆ ಮಕ್ಕಳ ಪೈಕಿ ಕನ್ನಡಕ ಇದ್ದವರು ಇಲ್ಲವೆನ್ನುವಷ್ಟು ಕಡಿಮೆ. ಸರಿಯಾದ ಕನ್ನಡಕ ಕೊಟ್ಟಾಗ ಎರಡೂ ಕಡೆ ಉಳಿದದ್ದು ಶೇ. 0.8ರಷ್ಟು ಮಾತ್ರ. ಮಿಕ್ಕವರೆಲ್ಲರ ತೊಂದರೆಗೆ ಶಸ್ತ್ರಚಿಕಿತ್ಸೆ ಬೇಡ, ಔಷಧಿ ಬೇಡ, ಎರಡು ಗಾಜು ಮತ್ತು ಒಂದು ಫ್ರೇಮು ಸಾಕು.

ಕನ್ನಡಕ ಕೊಟ್ಟರೆ ಓದು ಸುಧಾರಿಸುತ್ತದೆಯೇ ಎಂಬುದನ್ನೂ ಅಳೆದು ನೋಡಿದ್ದಾರೆ. ಚೀನಾದ ಗಾನ್ಸು ಮತ್ತು ಶಾಂಕ್ಸಿ ಪ್ರಾಂತಗಳ 252 ಪ್ರಾಥಮಿಕ ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಉಚಿತ ಕನ್ನಡಕ ಸಿಕ್ಕ ಮಕ್ಕಳ ಗಣಿತದ ಅಂಕಗಳು ಅದು ಸಿಗದವರಿಗಿಂತ ಸ್ಪಷ್ಟವಾಗಿ ಹೆಚ್ಚಿದವು. ಅಮೆರಿಕದ ಬಾಲ್ಟಿಮೋರ್ ನಗರದ ಶಾಲೆಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅಲ್ಲಿ ಮೊದಲ ವರ್ಷ ಓದಿನ ಅಂಕಗಳು ಏರಿದವು, ಮತ್ತು ತರಗತಿಯಲ್ಲಿ ಅತ್ಯಂತ ಹಿಂದಿದ್ದ ಮಕ್ಕಳೇ ಎಲ್ಲರಿಗಿಂತ ಹೆಚ್ಚು ಗಳಿಸಿದರು. ಸರಾಸರಿಯಲ್ಲಿ ಈ ಏರಿಕೆ ದೊಡ್ಡದಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಕನ್ನಡಕ ಪಾಠ ಮಾಡುವುದಿಲ್ಲ, ಎರಡು ವರ್ಷ ಕಾಣದೆ ತಪ್ಪಿಹೋದ ಗುಣಾಕಾರವನ್ನು ಅದು ತಾನಾಗಿ ಹಿಂದಿರುಗಿಸುವುದಿಲ್ಲ. ಹಿಂದೆ ಬಿದ್ದದ್ದನ್ನು ಯಾರಾದರೂ ಕೂರಿಸಿಕೊಂಡು ಮತ್ತೆ ಹೇಳಿಕೊಡಲೇಬೇಕು.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಓದಲು ಕಷ್ಟಪಡುವ ಎಲ್ಲ ಮಕ್ಕಳ ತೊಂದರೆಯೂ ಕಣ್ಣಿನದಲ್ಲ. ಡಿಸ್ಲೆಕ್ಸಿಯಾ ಎನ್ನುವ ಕಲಿಕಾ ತೊಡಕು ಮಿದುಳು ಮಾತಿನ ಧ್ವನಿಗಳನ್ನೂ ಅಕ್ಷರಗಳನ್ನೂ ಬೆಸೆಯುವ ರೀತಿಗೆ ಸಂಬಂಧಿಸಿದ್ದು. ಅದು ಇರುವ ಮಗುವಿನ ಕಣ್ಣು ಪೂರ್ತಿ ಸರಿಯಾಗಿರಬಹುದು, ಮತ್ತು ಅದರ ತಪ್ಪುಗಳು ಹಲಗೆ, ಪುಸ್ತಕ, ಉಕ್ತಲೇಖನ ಎಲ್ಲೆಡೆಯೂ ಕಾಣಿಸಿಕೊಳ್ಳುತ್ತವೆ. ಬಣ್ಣದ ಗಾಜಿನ ಕನ್ನಡಕದಿಂದ, ಕಣ್ಣಿನ ಕಸರತ್ತಿನಿಂದ ಡಿಸ್ಲೆಕ್ಸಿಯಾ ಗುಣವಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು 2009ರಲ್ಲಿ ಜಂಟಿಯಾಗಿ ಹೇಳಿವೆ. ಹತ್ತಿರದ್ದನ್ನು ನೋಡುವಾಗ ಎರಡು ಕಣ್ಣುಗಳೂ ಒಳಮುಖವಾಗಿ ಕೂಡಿಕೊಳ್ಳದ ದೋಷವೊಂದಿದೆ. ಅದಕ್ಕೆ ವ್ಯಾಯಾಮದಿಂದ ಗುಣ ಸಿಗುವುದು ನಿಜ, ತಲೆನೋವು ಮತ್ತು ಅಕ್ಷರ ಎರಡೆರಡಾಗುವುದು ಕಡಿಮೆಯಾಗುತ್ತದೆ. ಆದರೆ 2019ರ ದೊಡ್ಡ ಪ್ರಯೋಗದಲ್ಲಿ ಅದರಿಂದ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಹೆಚ್ಚಿದ್ದು ಕಂಡುಬರಲಿಲ್ಲ. ಕಣ್ಣಿನ ಪರೀಕ್ಷೆ ಮೊದಲು ಆಗಬೇಕು, ಆದರೆ ಅದು ಸರಿಯಿದ್ದರೆ ಹುಡುಕಾಟ ಅಲ್ಲಿಗೇ ನಿಲ್ಲಬಾರದು. ಎರಡೂ ತೊಡಕು ಒಟ್ಟಿಗೇ ಇರುವ ಮಕ್ಕಳೂ ಇದ್ದಾರೆ.

ಪತ್ತೆ ಮಾಡುವ ವ್ಯವಸ್ಥೆ ನಮ್ಮಲ್ಲಿ ಇಲ್ಲದಿಲ್ಲ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಆರಂಭವಾಯಿತು. ಶಿಕ್ಷಕರಿಗೆ ತರಬೇತಿ ಕೊಟ್ಟು ಶಾಲೆಯಲ್ಲೇ ಮೊದಲ ತಪಾಸಣೆ ನಡೆಸುವುದು, ದೋಷವಿರುವ ಮಕ್ಕಳಿಗೆ ಉಚಿತ ಕನ್ನಡಕ ಕೊಡುವುದು ಅದರ ಭಾಗವಾಯಿತು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆರೋಗ್ಯ ತಂಡ ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಂದು ಸಲ ಭೇಟಿ ನೀಡಬೇಕು. ಹೊರಗುಳಿದವರು, ಕಡಿಮೆ ಶುಲ್ಕದ ಖಾಸಗಿ ಶಾಲೆಗಳಿಗೆ ಹೋಗುವ ಮಕ್ಕಳು. ಹೊಟ್ಟೆ ಬಟ್ಟೆ ಕಟ್ಟಿ ಶುಲ್ಕ ತುಂಬುವ ಅವರ ಮನೆಗಳಲ್ಲಿ ಕಣ್ಣಿನ ಪರೀಕ್ಷೆಗೆಂದು ಬೇರೆ ಹಣ ತೆಗೆದಿಡುವವರು ಕಡಿಮೆ, ಶಾಲೆಯ ಬಾಗಿಲಿಗೆ ಬರುವ ತಂಡವೂ ಇಲ್ಲ.

ತಪಾಸಣೆ ನಡೆಯುವ ರೀತಿಯಲ್ಲೂ ಸೂಕ್ಷ್ಮಗಳಿವೆ. ಟೇಪು ಹಿಡಿದು ಆರು ಮೀಟರ್ ಅಳೆಯಬೇಕು, ಹೆಜ್ಜೆಯ ಅಂದಾಜು ಸಾಲದು. ಸಾಲಿನಲ್ಲಿ ನಿಂತ ಮಕ್ಕಳು ಮುಂದಿನವರು ಹೇಳುವುದನ್ನು ಕೇಳಿ ಪಟವನ್ನು ಬಾಯಿಪಾಠ ಮಾಡಿಬಿಡುತ್ತಾರೆ, ಆದ್ದರಿಂದ ನಾಲ್ಕು ದಿಕ್ಕಿಗೆ ತಿರುಗಿಸಬಹುದಾದ, ಇಂಗ್ಲಿಷಿನ ‘E’ ಅಕ್ಷರದ ಕಾರ್ಡು ಉತ್ತಮ. ಕಣ್ಣು ಮುಚ್ಚಿದ ಬೆರಳ ಸಂದಿಯಿಂದ ಇಣುಕುವುದು ಮೋಸವಲ್ಲ, ಸರಿಯುತ್ತರ ಕೊಡಬೇಕೆಂದು ಶಾಲೆ ಕಲಿಸಿದ ಹಂಬಲ. ಅಂಗೈಯ ಗುಳಿಯಿಂದ, ಒತ್ತದೆ, ಮುಚ್ಚಿಸಬೇಕು. ಪಟ ಓದಿದ ಮೇಲೆ ಪ್ಲಸ್ ಎರಡರ ಗಾಜನ್ನು ಕಣ್ಣಿನ ಮುಂದೆ ಹಿಡಿಯುವ ಇನ್ನೊಂದು ಹಂತವೂ ಬೇಕು: ಸರಿಯಾದ ಕಣ್ಣಿಗೆ ಆಗ ಪಟ ಮಸುಕಾಗುತ್ತದೆ, ಆದರೂ ಮಗು ಕೊನೆಯ ಸಾಲು ಓದಿದರೆ ದೂರದೃಷ್ಟಿ ಇದೆಯೆಂದು ಅನುಮಾನಿಸಬೇಕು. ಆಸ್ಪತ್ರೆಗೆ ಹೋದ ಮೇಲೆ ಔಷಧಿ ಹಾಕಿ ಪಾಪೆ ಹಿಗ್ಗಿಸುವುದಕ್ಕೆ ಹೆತ್ತವರು ಹಿಂಜರಿಯುತ್ತಾರೆ. ಮಗುವಿನ ಮಸೂರ ಉಬ್ಬಿಕೊಳ್ಳುವುದನ್ನು ಆ ಔಷಧಿ ತಾತ್ಕಾಲಿಕವಾಗಿ ತಡೆಯುತ್ತದೆ, ಆಗ ಮಾತ್ರ ನಿಜವಾದ ನಂಬರ್ ತಿಳಿಯುತ್ತದೆ. ಒಂದೆರಡು ದಿನ, ಔಷಧಿಗೆ ತಕ್ಕಂತೆ ಕೆಲವೊಮ್ಮೆ ಹೆಚ್ಚು ದಿನ, ಹತ್ತಿರದ್ದು ಮಸುಕಾಗಿರುತ್ತದೆ, ಅಷ್ಟೇ. ಅಂಗಡಿಯಲ್ಲಿ ಕಂಪ್ಯೂಟರಿಗೆ ಗಲ್ಲ ಒತ್ತಿಸಿ ತೆಗೆದ ನಂಬರು ದೊಡ್ಡವರಿಗೆ ನಡೆದರೂ ಮಕ್ಕಳಲ್ಲಿ ತಪ್ಪಿಹೋಗಬಹುದು.

ಇಷ್ಟೆಲ್ಲ ದಾಟಿ ಬಂದ ಕನ್ನಡಕ ಮೂಗಿನ ಮೇಲೆ ಉಳಿಯುವುದು ಇನ್ನೂ ಕಷ್ಟ. ಕನ್ನಡಕ ಹಾಕಿದರೆ ನಂಬರ್ ಏರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ನಂಬರ್ ಏರುವುದು ಕಣ್ಣಿನ ಗುಡ್ಡೆ ಬೆಳೆಯುವುದರಿಂದ. ಬೇಕೆಂದೇ ಕಡಿಮೆ ನಂಬರಿನ ಕನ್ನಡಕ ಕೊಟ್ಟು ನೋಡಿದ ಮಲೇಷ್ಯಾದ 2002ರ ಪ್ರಯೋಗದಲ್ಲಿ ಅಂಥ ಮಕ್ಕಳ ಸಮೀಪದೃಷ್ಟಿ ಇನ್ನೂ ವೇಗವಾಗಿ ಏರಿತು. ಹೆಣ್ಣುಮಗು ಕನ್ನಡಕ ಹಾಕಿದರೆ ಮುಂದೆ ಗಂಡು ಸಿಗುವುದು ಕಷ್ಟ ಎಂದು ಹತ್ತು ವರ್ಷದ ಮಗಳ ಕನ್ನಡಕವನ್ನು ಬೀರುವಿನಲ್ಲಿಡುವ ತಾಯಂದಿರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಆದರೆ ಆ ಬೀರುವಿನಲ್ಲಿ ಮುಚ್ಚಿಟ್ಟದ್ದು ಅವಳ ಐದನೇ ತರಗತಿ, ಆರನೇ ತರಗತಿ ಎಂದು ಅವರಿಗೆ ಯಾರಾದರೂ ಕೂತು ಹೇಳಬೇಕು. ಸಹಪಾಠಿಗಳು ‘ಸೋಡಾಬುಡ್ಡಿ’ ಎಂದು ಕರೆಯುವುದನ್ನು ಶಿಕ್ಷಕರು ಮೊದಲ ದಿನವೇ ತಡೆದರೆ ಅರ್ಧ ಕೆಲಸ ಆದಂತೆ.

ಮತ್ತು ಕನ್ನಡಕ ಮುರಿಯುತ್ತದೆ. ಬಾಲ್ಟಿಮೋರಿನಲ್ಲಿ ಮೊದಲ ವರ್ಷದ ಗಳಿಕೆ ಎರಡನೇ ವರ್ಷಕ್ಕೆ ಉಳಿಯಲಿಲ್ಲ. ಮಕ್ಕಳು ಕನ್ನಡಕ ಹಾಕುವುದು ಕಡಿಮೆಯಾದದ್ದು ಅದಕ್ಕೆ ಒಂದು ಕಾರಣವಿರಬಹುದೆಂದು ಸಂಶೋಧಕರು ಊಹಿಸಿದರು. ಆಟದ ಬಯಲಿನಲ್ಲಿ ಕಾಲ್ತುಳಿತಕ್ಕೆ ಸಿಕ್ಕ ಕನ್ನಡಕದ ಸುದ್ದಿಯನ್ನು ಮಗು ಬೈಗುಳದ ಹೆದರಿಕೆಯಿಂದ ಮನೆಯಲ್ಲಿ ಹೇಳುವುದಿಲ್ಲ, ಮಾರನೆಯ ದಿನದಿಂದ ಹಳೆಯ ಹಾಗೆಯೇ ಪಕ್ಕದವರ ನೋಟ್‌ಬುಕ್ಕಿನ ಕಡೆ ವಾಲುತ್ತದೆ. ತರಗತಿಯಲ್ಲಿ ಯಾರಿಗೆ ಕನ್ನಡಕ ಇದೆ, ಅದು ಯಾವ ತಿಂಗಳು ಬಂದದ್ದು, ಮತ್ತೆ ಯಾವಾಗ ಪರೀಕ್ಷೆ ಎಂಬ ಮೂರು ಕಾಲಂಗಳನ್ನು ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡು, ವಾರಕ್ಕೊಂದು ಬೆಳಿಗ್ಗೆ ಹೆಸರು ಕರೆಯುವಾಗ ಆ ಮಕ್ಕಳ ಮುಖವನ್ನು ಒಮ್ಮೆ ತಲೆ ಎತ್ತಿ ನೋಡಿದರೆ, ಕನ್ನಡಕ ಇಲ್ಲದೆ ಬಂದ ಮಗು ಆ ದಿನವೇ ತಿಳಿದುಬರುತ್ತದೆ.